ದಿಣ್ಣೆ ಸಾಬ್ರ ನೀರ್ಚೀಟಿ

ಮಜೀದ್ ಸಾಬಿಗೆ ಮಾತಿಗಿಂತ ಮುಂಚೆ ಕೈ ಬರುತ್ತಿತ್ತು. ಮುಚ್ಚಿಡುವಂಥದ್ದೇನಿಲ್ಲ, ಆ ಮನುಷ್ಯ ಶುದ್ಧ ಮುಂಗೋಪಿ. ಚಿಕ್ಕರಸಿನಕೆರೆಗೆ ಹರದಾರಿ ದೂರದ ಕೆಂಚನಕೊಪ್ಪಲಿಗೆ ಬಂದ ಮೊದಲ ವರ್ಷವೇ, ಗಾಣದ ರಿಪೇರಿ ನೆಟ್ಟಗಿಲ್ಲವೆಂದು ಬಾಯಿ ಮಾಡಿದ ರೈತನೊಬ್ಬನ ಮುಂದಿನ ಹಲ್ಲು ಉದುರಿಸಿದ್ದ. ಆಮೇಲೆ ಹೋಗಿ ಗಾಣ ನೋಡಿದರೆ ತಪ್ಪು ತನ್ನದೇ. ಉರುಳೆ ಬಿಚ್ಚಿ, ತಿದ್ದಿ, ಮತ್ತೆ ಕೂರಿಸಿ, ಕೂಲಿಯ ಸುದ್ದಿ ಎತ್ತದೆ ಮನೆಗೆ ಬಂದ. ತಪ್ಪಾಯ್ತು ಅನ್ನುವ ಒಂದು ಮಾತು ಮಾತ್ರ ಬಾಯಿಂದ ಹೊರಡಲಿಲ್ಲ. ಹಲ್ಲು ಕಳೆದುಕೊಂಡವನೂ ಮುಂದಿನ ವರ್ಷ ಗಾಣ ಗಾಡಿಗೆ ಹೇರಿಕೊಂಡು ಅವನ ಹತ್ತಿರವೇ ಬಂದ. ಬರದೆ ಎಲ್ಲಿಗೆ ಹೋಗುತ್ತಾನೆ, ಸುತ್ತ ಅಂಥ ಕೈಗುಣದವನು ಇನ್ನೊಬ್ಬನಿರಲಿಲ್ಲ.

ಹುಟ್ಟಿದ್ದು ಮಳವಳ್ಳಿಯಲ್ಲಿ. ಅಪ್ಪ ಎತ್ತುಗಳಿಗೆ ಲಾಳ ಕಟ್ಟುವವನು. ಅಪ್ಪ ಸತ್ತ ಮೇಲೆ ಅಣ್ಣನ ಜೊತೆ ಹೊಡೆದಾಡಿಕೊಂಡು, ಉಟ್ಟ ಬಟ್ಟೆಯಲ್ಲಿ ಹೆಂಡತಿ ಫಕ್ರುನ್ನೀಸಾಳನ್ನು ಕರಕೊಂಡು ಹೊರಬಿದ್ದವನು. ಆಗಿನ್ನೂ ಕಾವೇರಿಯ ನಾಲೆ ಹೊಸದಾಗಿ ಈ ಕಡೆ ಹರಿದಿತ್ತು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲೆಲ್ಲ ಕಬ್ಬು ಎದ್ದು, ಊರಿಗೆ ನಾಲ್ಕಾರು ಆಲೆಮನೆ ಹುಟ್ಟಿಕೊಂಡಿದ್ದವು. ಆಲೆಮನೆ ಇದ್ದಲ್ಲಿ ಗಾಣ, ಗಾಣ ಇದ್ದಲ್ಲಿ ಕುಲುಮೆ. ಕೆಂಚನಕೊಪ್ಪಲಿನ ಬೋರಯ್ಯ ಅವನ ಕೆಲಸ ನೋಡಿ ಮೆಚ್ಚಿ, ಕೆರೆ ಏರಿಯ ಉತ್ತರದ ತುದಿಗಿದ್ದ ತನ್ನ ಕಲ್ಲು ದಿಣ್ಣೆಯಲ್ಲಿ ಜಾಗ ಕೊಟ್ಟ. ಯಾರಿಗೂ ಬೇಡದ ಜಾಗ. ಮಜೀದ್ ತಾನೇ ಕಲ್ಲು ಒಡೆದು, ಮಣ್ಣು ತುಳಿದು ಗೋಡೆ ಎಬ್ಬಿಸಿದ. ಕುಲುಮೆ ಹೂಡಿದ. ಹೆಣ್ಣುಮಕ್ಕಳಿಬ್ಬರು ಅಲ್ಲೇ ಹುಟ್ಟಿದರು. ಊರವರು ಅವನನ್ನು ದಿಣ್ಣೆ ಸಾಬ್ರು ಅಂದರು, ಫಕ್ರುನ್ನೀಸಾಳನ್ನು ಪಕ್ರಮ್ಮ ಮಾಡಿಬಿಟ್ಟರು.

ಸಂಜೆ ಬಾಗಿಲಲ್ಲಿ ಕೂತರೆ ಕೆಳಗಲ ಬೀದಿಯ ಹೆಂಚುಗಳೆಲ್ಲ ಕಾಲಡಿಗೆ ಕಾಣುತ್ತಿದ್ದವು. ಅದೊಂದು ಅವನಿಗೆ ಭಾರಿ ಹೆಮ್ಮೆ.

ನಾಲೆ ಬಂದದ್ದರಿಂದ ಕಬ್ಬೇನೋ ಬಂತು, ಜೊತೆಗೆ ಒಂದು ಪೀಡೆಯೂ ಬಂತು. ಮೊದಲು ಬೇಸಿಗೆಗೆ ಒಣಗಿ ಬಿರುಕು ಬಿಡುತ್ತಿದ್ದ ಕೆರೆ ಈಗ ವರ್ಷವಿಡೀ ತುಂಬಿಕೊಂಡೇ ಇರುತ್ತಿತ್ತು. ಏರಿಗೆ ಮಣ್ಣು ಹಾಕಲು, ಬೇರು ಕೀಳಲು ಸಮಯವೇ ಸಿಗದು. ಆ ಕಡೆ ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮುಂಚೆ, ಚಿತ್ತೆ ಮಳೆಯಲ್ಲಿ ಏರಿ ಒಂದು ಕಡೆ ಜರುಗಿ, ಕೆಳಗಲ ಬೀದಿಗೆ ಎದೆಮಟ್ಟ ನೀರು ನುಗ್ಗಿ, ಮಣ್ಣಿನ ಗೋಡೆಗಳು ಕೂತುಬಿಟ್ಟವು. ಆ ಬೀದಿಯ ಚಿಕ್ಕಬೋರಮ್ಮನ ಗಂಡ ಗೋಡೆ ಕೆಳಗೇ ಸತ್ತ. ಅವನನ್ನು ಮಣ್ಣು ಮಾಡಿ ಬಂದ ದಿನವೇ ಬೋರಯ್ಯ ಊರು ಸೇರಿಸಿ ನೀರ್ಚೀಟಿ ಕಟ್ಟಿದ.

ಲೆಕ್ಕ ಸುಲಭ. ಆಲೆ ಆಡಿದ ಮೇಲೆ ಪ್ರತಿ ಮನೆಯವರೂ ಒಂದಿಷ್ಟು ಬೆಲ್ಲ ಕೊಡಬೇಕು. ಅದನ್ನು ಮದ್ದೂರಿನಲ್ಲಿ ಮಾರಿ ಬಂದದ್ದು ಬೋರಯ್ಯನ ಮನೆಯ ಪೆಟ್ಟಿಗೆಯಲ್ಲಿರುತ್ತದೆ. ಯಾರ ಮನೆ ನೀರಿಗೆ ಬಿದ್ದರೂ ಆ ಗಂಟಿನಿಂದ ಮತ್ತೆ ಕಟ್ಟಿಸಿಕೊಡುವುದು. ನೀರು ಬರದಿದ್ದರೆ ಕೊಟ್ಟದ್ದು ಹೋಯಿತು, ವಾಪಸು ಕೇಳುವ ಹಾಗಿಲ್ಲ.

ಬೋರಯ್ಯ ದಿಣ್ಣೆ ಹತ್ತಿ ಬಂದು ಇದನ್ನೆಲ್ಲ ಹೇಳಿದಾಗ ಮಜೀದ್ ತಿದಿ ಒತ್ತುವುದನ್ನೂ ನಿಲ್ಲಿಸಲಿಲ್ಲ.

"ಬೋರಣ್ಣ, ನೀರು ನನ್ ಒಸ್ಲಿಗೆ ಬರ್ಬೇಕಾದ್ರೆ ನಿಮ್ಮೂರೆಲ್ಲ ಮುಳ್ಗೋಗಿರ್ಬೇಕು. ಆಮೇಲೆ ನಂಗೆ ಮನೆ ಕಟ್ಕೊಡಕ್ಕೆ ಯಾರ್ ಉಳ್ದಿರ್ತೀರಾ?"

"ಅದೂ ಸರಿನೇ ಬುಡು," ಅಂದ ಬೋರಯ್ಯ. ಒಳ್ಳೆಯ ಮನುಷ್ಯ, ಬಲವಂತ ಮಾಡುವವನಲ್ಲ. "ಕೇಳೋದು ನನ್ ಧರ್ಮ, ಕೇಳ್ದೆ."

ಅವನು ಇಳಿದುಹೋದ ಮೇಲೆ ಫಕ್ರುನ್ನೀಸಾ ಒಳಗಿಂದ ಬಂದಳು. ಮನೆಯಲ್ಲಿ ಅವರು ಆಡುತ್ತಿದ್ದುದು ಉರ್ದು. ನಾವು ಕನ್ನಡದಲ್ಲೇ ಕೇಳೋಣ.

"ಹಾಕಿಬಿಡಬಾರದಾ? ಕೆರೆ ನೋಡಿದ್ದೀರಾ, ಎಷ್ಟು ಎತ್ತರಕ್ಕೆ ನಿಂತಿದೆ. ನಮ್ಮ ಹಿಂದಿರೋ ಮರಿ ಏರಿ ಒಂದಾಳು ಎತ್ತರವೂ ಇಲ್ಲ."

ದಿಣ್ಣೆಗೂ ಕೆರೆಗೂ ನಡುವೆ ಒಂದು ಸಣ್ಣ ಮಣ್ಣಿನ ಕಟ್ಟೆ ಇತ್ತು, ಅದಕ್ಕೆ ಮರಿ ಏರಿ ಅನ್ನುತ್ತಿದ್ದರು. ದಿಣ್ಣೆ ಬೀದಿಗಿಂತ ಎತ್ತರ ನಿಜ. ಆದರೆ ಕೆರೆ ಏರಿಯ ತುದಿಗೆ ಉಕ್ಕಿದರೆ ನಿಲ್ಲುವ ನೀರಿಗಿಂತ ತಗ್ಗು. ಮಜೀದ್ ಯಾವಾಗಲೂ ಊರಿನ ಕಡೆ ಮುಖ ಮಾಡಿ ಕೂರುತ್ತಿದ್ದವನು, ಬೆನ್ನ ಹಿಂದಿನದನ್ನು ಅವನೆಲ್ಲಿ ನೋಡಿದ?

"ಆ ಕಟ್ಟೆಗೆ ನೀರು ತಾಗಿದ್ದನ್ನ ಕಂಡೋರು ಯಾರೂ ಇಲ್ಲ. ಬರದಿರೋ ನೀರಿಗೆ ಕಂದಾಯ ಕಟ್ಟಲಾ?"

"ಬರೋದನ್ನ ಹೇಳಿ ಬರತ್ತಾ ನೀರು?"

ಇಕ್ಕಳ ಬೀಸಿ ಒಗೆದ. ಅದು ಅವಳ ಕಿವಿಯ ಪಕ್ಕ ಹಾದು ನೀರಿನ ಮಡಕೆಗೆ ಬಡಿಯಿತು. ಮಡಕೆ ಒಡೆದು ನೀರು ಒಲೆಗೆಲ್ಲ ಹರಿಯಿತು. ಫಕ್ರುನ್ನೀಸಾ ಹೆದರುವ ಹೆಂಗಸಲ್ಲ. ಬಿದ್ದ ಇಕ್ಕಳವನ್ನೇ ಎತ್ತಿ ತಿರುಗಿ ಎಸೆದಳು. ಅದು ಅವನ ಮೊಣಕಾಲಿಗೆ ಕೂತಿತು.

ಮಾತು ಅಲ್ಲಿಗೇ ಮುಗಿಯುತ್ತಿತ್ತೇನೋ. ಮುಗಿಸಗೊಡದೆ ಇದ್ದವನು ಸಿದ್ದರಾಮು. ಬೋರಯ್ಯನ ತಮ್ಮನ ಮಗ, ಬಾಯಿ ಬಡುಕ, ಗರಡಿಯಲ್ಲಿ ಮೈ ಬೆಳೆಸಿದವನು. ಮಾರನೆಯ ದಿನ ಚಾವಡಿಯ ಮುಂದೆ ಚೀಟಿಯವರೆಲ್ಲ ಸೇರಿದ್ದರು. ಮಜೀದ್ ಕುಂಟುತ್ತ ಆ ದಾರಿಯಲ್ಲಿ ಬಂದ.

"ಚೀಟಿಗೆ ಸಾಬ್ರು ಸೇರಾಕಿಲ್ವಂತೆ," ಎಂದ ಸಿದ್ದರಾಮು, ಎಲ್ಲರಿಗೂ ಕೇಳುವ ಹಾಗೆ. "ಯಾಕೆ ಸೇರಾರು? ದಿಣ್ಣೆ ಮ್ಯಾಲೆ ಕುಂತವ್ರೆ, ನಾವ್ ಮುಳ್ಗೋದ್ನ ನೋಡಾಕೆ. ಬಂದೋರು ಬಂದೋರೇ ಕಣ್ರಲಾ, ಊರೋರು ಆಗಾದುಂಟಾ?"

ಮಜೀದನ ಮುಷ್ಟಿ ಅವನ ದವಡೆಗೆ ಬಿತ್ತು. ಸಿದ್ದರಾಮು ಹಿಂದಕ್ಕೆ ಬಿದ್ದು, ಎದ್ದು, ತಲೆಯಿಂದ ಅವನ ಹೊಟ್ಟೆಗೆ ಗುಮ್ಮಿದ. ಇಬ್ಬರೂ ಚಾವಡಿಯ ಕಲ್ಲಿನ ಮೇಲೆ ಹೊರಳಾಡಿದರು. ಜೊತೆಗಾರರು ನುಗ್ಗಿ ಮಜೀದನ ಪಕ್ಕೆಗೆ ಒದ್ದರು. ಯಾರದೋ ದೊಣ್ಣೆ ಅವನ ಬೆನ್ನಿಗೆ ಬಿತ್ತು. ಅದನ್ನು ಕಿತ್ತುಕೊಂಡು ಸಿಕ್ಕವರಿಗೆ ಸಿಕ್ಕಲ್ಲಿ ಬಡಿದ. ಕೊನೆಗೆ ಬೋರಯ್ಯ ನಡುವೆ ಬಂದು, ತನ್ನ ತಮ್ಮನ ಮಗನ ಕೆನ್ನೆಗೇ ಎರಡು ಬಿಟ್ಟು, ಬಿಡಿಸಿದ.

ಮಜೀದನ ಹುಬ್ಬು ಹರಿದು ರಕ್ತ ಗಡ್ಡಕ್ಕೆ ಇಳಿಯುತ್ತಿತ್ತು. ನೋವು ಅದರದಲ್ಲ. ಬಂದೋರು ಬಂದೋರೇ ಅಂದನಲ್ಲ, ಅದರದು. ಈ ಊರಿನ ಯಾವ ಗಾಣ ತನ್ನ ಕೈ ಮುಟ್ಟದೆ ತಿರುಗುತ್ತದೆ? ಚಿಕ್ಕಬೋರಮ್ಮನ ಗಂಡನನ್ನು ಮಣ್ಣಿನಡಿಯಿಂದ ಎಳೆದವರಲ್ಲಿ ತಾನಿರಲಿಲ್ಲವೆ?

"ಬೋರಣ್ಣ, ಆಕ್ಕೊ ನನ್ ಎಸ್ರ," ಎಂದು ಕೂಗಿದ. "ನಂಗೆ ಬೆಲ್ಲ ಇಲ್ಲ. ಚೀಟೀಲಿ ಇರೋರ್ ಗಾಣ ಎಲ್ಲ ವರ್ಸಕ್ಕೊಂದ್ ದಪ ಪುಕ್ಕಟೆ ಮಾಡ್ಕೊಡ್ತೀನಿ. ಅದೇ ನನ್ ಪಾಲು. ನೀರಿಗ್ ಎದ್ರಿ ಸೇರ್ದೆ ಅನ್ಕೋಬೇಡಿ. ನಾನೂ ಈ ಊರೋನು, ಅದುಕ್ಕೆ."

ಹೀಗೆ ಬಾರದ ನೀರಿಗೆ ಮಜೀದ್ ಚೀಟಿ ಹಾಕಿದ. ಸುಗ್ಗಿಗೆ ಮುಂಚೆ ಮನೆ ಮನೆಗೆ ಹೋಗಿ ಗಾಣ ಬಿಚ್ಚುವನು, ಸವೆದದ್ದನ್ನು ತಿದ್ದುವನು, ಬೈಯುತ್ತಲೇ ಕೂರಿಸುವನು. ಯುದ್ಧ ಶುರುವಾಗಿ ಕಬ್ಬಿಣ ಸಿಗುವುದೇ ಕಷ್ಟವಾದಾಗ ಮದ್ದೂರು, ಮಂಡ್ಯ ಅಲೆದು ಹಳೇ ಗಾಡಿಯ ಪಟ್ಟಿ ಹುಡುಕಿ ತಂದು, ಕೊಟ್ಟ ಮಾತು ನಡೆಸಿದ. ಚೀಟಿಯ ಗಂಟಿನಿಂದ ಚಿಕ್ಕಬೋರಮ್ಮನಿಗೆ ಹೊಸ ಮನೆ ಎದ್ದಾಗ, ಹೋಗಿ ಬಾಗಿಲಿಗೆ ಚಿಲಕ ಹಾಕಿಕೊಟ್ಟು, ಗೋಡೆ ತಟ್ಟಿ ನೋಡಿ, "ಇದ್ರಾಗೆ ನಂದೂ ಅದೆ ಕಣಮ್ಮ," ಅಂದ. ಆ ದಿನ ಮನೆಗೆ ಬಂದವನ ಮುಖ ನೋಡಿ ಫಕ್ರುನ್ನೀಸಾಗೆ ನಗು ತಡೆಯಲಿಲ್ಲ. ಅವನು ಬೈಯಲೂ ಇಲ್ಲ.

ಯುದ್ಧ ಇನ್ನೂ ನಡೆಯುತ್ತಿದ್ದ ಒಂದು ವರ್ಷ ಚಿತ್ತೆ ಮಳೆ ಹಿಡಿದದ್ದು ಸ್ವಾತಿ ಬಂದರೂ ಬಿಡಲಿಲ್ಲ. ಹೆಚ್ಚಾದ ನೀರು ಹೊರಬೀಳುವ ಕೋಡಿಗೆ ಬುಡಸಮೇತ ಮರಗಳು ಬಂದು ಸಿಕ್ಕಿಕೊಂಡವು. ಕೆರೆ ಉಬ್ಬಿತು. ಬೆಳಗಾಗುವ ಹೊತ್ತಿಗೆ ದೊಡ್ಡ ಏರಿಯ ಮೈಯಲ್ಲಿ ಬಿರುಕು ಬಿಟ್ಟು, ಕೆಸರು ನೀರು ಬುಳುಬುಳು ಉಕ್ಕತೊಡಗಿತು. ಡಂಗುರದ ಸದ್ದು ಕೇಳಿ ಮಜೀದ್ ಎದ್ದು ನೋಡಿದರೆ, ಗುದ್ದಲಿ ಹೊತ್ತ ಜನ ಮಳೆಯಲ್ಲಿ ದಿಣ್ಣೆ ಹತ್ತಿ ಬರುತ್ತಿದ್ದಾರೆ. ಮುಂದೆ ಬೋರಯ್ಯ. ಅವನ ಹಿಂದೆ ಖಾಲಿ ಗಾಡಿ.

ಏರಿ ಗಟ್ಟಿ ಮಾಡಲು ಸಾಮಾನು ಸಾಲದೆ ಬಂದರು ಅಂದುಕೊಂಡ ಮಜೀದ್. ಓಡಿ ಒಳಗೆ ಹೋಗಿ ತಾನೇ ಬಡಿದು ಮಾಡಿದ ಹಾರೆಗಳನ್ನೆಲ್ಲ ತಬ್ಬಿ ತಂದು ಅವರ ಕೈಗೆ ಹಂಚಿದ.

"ಬನ್ರಲಾ, ನಾನೂ ಬತ್ತೀನಿ!"

ಹಾರೆ ಇಸಕೊಂಡವರು ದೊಡ್ಡ ಏರಿಯ ಕಡೆ ತಿರುಗಲೂ ಇಲ್ಲ. ಅವನ ಮನೆ ಬಳಸಿ ಹಿಂದಕ್ಕೆ ನಡೆದರು. ಮರಿ ಏರಿ ಹತ್ತಿದರು. ಸಿದ್ದರಾಮು ಮೊದಲನೇ ಪೆಟ್ಟು ಹಾಕಿದ.

"ಏಯ್! ಅದನ್ಯಾಕೆ ಕಡೀತಿದ್ದೀಯೋ ಬೋಳಿಮಗನೇ!"

"ಮಜೀದಾ," ಅಂದ ಬೋರಯ್ಯ. ಅವನ ಮುಖ ನೆಲ ನೋಡುತ್ತಿತ್ತು. "ದೊಡ್ಡೇರಿ ವೊತ್ತೇರೋಗಂಟ ನಿಲ್ಲಾಕಿಲ್ಲ. ಒಡ್ದೋದ್ರೆ ಊರೇ ಒಂಟೋಯ್ತದೆ. ಇಲ್ ಕಡುದ್ರೆ ನೀರು ನಿನ್ ಇತ್ಲಲ್ಲಿ ನುಗ್ಗಿ ಅಳ್ಳಕ್ ಬಿದ್ದು ಶಿಂಷಾ ಒಳೆ ಸೇರ್ಕತ್ತದೆ. ಪಕ್ರಮ್ಮನ್ನ, ಮಕ್ಕಳ್ನ ಗಾಡಿ ಅತ್ಸು."

"ಮನೆ? ನನ್ ಕುಲ್ಮೆ?"

ಮೇಲಿಂದ ಸಿದ್ದರಾಮು ಉತ್ತರ ಕೊಟ್ಟ. "ಚೀಟಿ ಅದೆಯಲ್ಲ ಸಾಬ್ರೇ! ಒಂದೇ ಮನೆ, ಅದೂ ಚೀಟಿ ಇರೋ ಮನೆ. ಕಟ್ಕೊಡ್ತೀವಿ ಬುಡಿ!"

ಮಜೀದನಿಗೆ ಈಗ ಅರ್ಥವಾಯಿತು. ಚೀಟಿ ಇದ್ದದ್ದಕ್ಕೇ ತನ್ನ ಮನೆಗೆ ನೀರು. ಊರವನಾಗಬೇಕೆಂದು ಏನು ಕೊಟ್ಟನೋ ಅದನ್ನೇ ಹಿಡಿದು ಅವನನ್ನು ನೀರಿಗೆ ಹಾಕುತ್ತಿದ್ದರು. ಕೈಯಲ್ಲಿ ಉಳಿದಿದ್ದ ಒಂದು ಹಾರೆ ಹಿಡಿದು ಏರಿಗೆ ಹಾರಿದ.

ಮೊದಲು ಸಿಕ್ಕವನ ಕಾಲಿಗೆ ಬೀಸಿದ. ಅವನು ಕಿರುಚಿಕೊಂಡು ಕೆರೆಯ ಕಡೆಗೆ ಜಾರಿ, ಜೊಂಡು ಹಿಡಿದು ನೇತಾಡಿದ. ಇನ್ನೊಬ್ಬನ ಭುಜಕ್ಕೆ. ಸಿದ್ದರಾಮು ಗುದ್ದಲಿಯ ಕಾವಿನಿಂದ ಅವನ ಮುಖಕ್ಕೆ ಕೊಟ್ಟ, ಮೂಗು ಮುರಿಯಿತು. ಬಾಯಿ ತುಂಬ ರಕ್ತ ಉಗುಳಿಕೊಂಡೇ ಮಜೀದ್ ಹಾರೆ ಎತ್ತಿದ. ಅದು ಸಿದ್ದರಾಮುವಿನ ತಲೆಗೆ ಇಳಿಯುವುದರಲ್ಲಿತ್ತು. ಬಿದ್ದಿದ್ದರೆ ಹುಡುಗ ಉಳಿಯುತ್ತಿರಲಿಲ್ಲ. ಬೋರಯ್ಯ ನಡುವೆ ನುಗ್ಗಿ ತೋಳು ಒಡ್ಡಿದ. ಮೂಳೆ ಮುರಿದ ಸದ್ದು ಆ ಮಳೆಯಲ್ಲೂ ಎಲ್ಲರಿಗೂ ಕೇಳಿಸಿತು.

ತನಗೆ ನೆಲ ಕೊಟ್ಟವನ ಕೈ. ಮಜೀದ್ ಒಂದು ಗಳಿಗೆ ಹಾಗೇ ನಿಂತುಬಿಟ್ಟ. ಅಷ್ಟೇ ಸಾಕಾಯಿತು. ಎಲ್ಲರೂ ಅವನ ಮೇಲೆ ಬಿದ್ದರು. ಕೆಸರಿಗೆ ಮುಖ ಒತ್ತಿದರು, ಬೆನ್ನ ಮೇಲೆ ಕೂತರು, ಗಾಡಿಯ ಹಗ್ಗದಿಂದ ಕೈಕಾಲು ಬಿಗಿದು ನೀರು ತಾಗದ ಕಡೆಯ ಹುಣಸೇಮರಕ್ಕೆ ಕಟ್ಟಿದರು. ಫಕ್ರುನ್ನೀಸಾ ಮಕ್ಕಳನ್ನು ಗಾಡಿಗೆ ನೂಕಿ, ತಾನು ಕೆಳಗೆ ನಿಂತು ಕಲ್ಲು ಬೀರತೊಡಗಿದಳು. ಒಂದು ಕಲ್ಲಿಗೆ ಸಿದ್ದರಾಮುವಿನ ಹಣೆ ಸೀಳಿತು. "ನಾಯಿಗಳಾ! ನಿಮ್ಮ ಗಾಣ ರಿಪೇರಿ ಮಾಡಿದ ಕೈ ಕಟ್ಟಾಕ್ತೀರಾ!" ಅವಳನ್ನೂ ಎತ್ತಿ ಗಾಡಿಗೆ ಹಾಕಿ ಹೊಡೆದುಕೊಂಡು ಹೋದರು.

ಅವನು ಬಡಿದು ಮಾಡಿದ ಹಾರೆಗಳು ಚೆನ್ನಾಗಿದ್ದವು. ಮರಿ ಏರಿ ಬೇಗ ಬಾಯಿಬಿಟ್ಟಿತು.

ನೀರು ಮೊದಲು ಕುಲುಮೆಗೆ ನುಗ್ಗಿತು. ಬೂದಿಯಡಿಯ ಕೆಂಡ ಚುಂಯ್ ಎಂದು ಸತ್ತಿತು. ತಿದಿ ತೇಲಿಹೋಯಿತು. ರಿಪೇರಿಗೆ ಬಂದಿದ್ದ ಗಾಣದ ಉರುಳೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ ಹಳ್ಳಕ್ಕೆ ಉರುಳಿದವು. ಆಮೇಲೆ ಅಡುಗೆಮನೆಯ ಗೋಡೆ ಕೂತಿತು, ಅದರ ಹಿಂದೆ ಇಡೀ ಮನೆ. ಮರಕ್ಕೆ ಬಿಗಿಸಿಕೊಂಡ ಮಜೀದ್ ಒಂದೊಂದನ್ನೂ ಕಣ್ಣಾರೆ ನೋಡಿದ. ಮೊದಲು ಬೈದ, ಆಮೇಲೆ ಅಲ್ಲಾನನ್ನು ಕೂಗಿದ. ದೊಡ್ಡ ಏರಿ ನಿಂತಿತು. ಕೆಳಗಲ ಬೀದಿಯ ಒಂದು ಹೆಂಚೂ ಅಲುಗಲಿಲ್ಲ.

ಹೆಂಡತಿ ಮಕ್ಕಳನ್ನು ಬೋರಯ್ಯನ ಹೆಂಡತಿ ಚಲುವಮ್ಮ ತನ್ನ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡಳು. ಕಟ್ಟು ಬಿಚ್ಚಿದ ಮೇಲೆ ಮಜೀದ್ ಮಾತ್ರ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ದಿಣ್ಣೆಯ ಹುಣಸೇಮರದ ಕೆಳಗೆ ತೆಂಗಿನ ಮಡಲು ಮರೆ ಮಾಡಿಕೊಂಡು, ಕೆಸರಿನಲ್ಲಿ ಕಬ್ಬಿಣ ಬಡಿಯುವ ಅಡೆಗಲ್ಲು ಹುಡುಕುತ್ತ ಕೂತ. ಚಲುವಮ್ಮ ಕಳಿಸಿದ ಮುದ್ದೆ ಸಾರನ್ನು ನಾಯಿಗೆ ಹಾಕಿದ. ಮಳೆ ನಿಂತು ನೆಲ ಗಟ್ಟಿಯಾದ ಮೇಲೆ ಚೀಟಿಯವರು ಚಾವಡಿಗೆ ಹೇಳಿ ಕಳಿಸಿದರು. ಬರುವುದಿಲ್ಲ ಅಂದುಕೊಂಡಿದ್ದರು. ಬಂದ.

ಬೋರಯ್ಯ ಬಿದಿರು ದಬ್ಬೆ ಕಟ್ಟಿದ ಕೈಯನ್ನು ಎದೆಗೆ ನೇತುಹಾಕಿಕೊಂಡು ಕೂತಿದ್ದ. ಮುಂದೆ ಗಂಟು ಇತ್ತು. ಒಂದು ಕಾಸೂ ಹಿಡಿದಿರಲಿಲ್ಲ. ಹೋದ ಮನೆಗಿಂತ ದೊಡ್ಡ ಮನೆಯೇ ಕಟ್ಟಬಹುದು, ಅಷ್ಟಿತ್ತು.

"ತಕ್ಕೊ ಮಜೀದಾ. ಮಾತು ಮಾತೇ. ಈ ಕೈ ಸುದ್ದಿ ಎತ್ತಾಕಿಲ್ಲ, ಪೋಲೀಸ್ಗೂ ಓಗಾಕಿಲ್ಲ."

ಮಜೀದ್ ಗಂಟು ಮುಟ್ಟಲಿಲ್ಲ. ಊದಿಕೊಂಡಿದ್ದ ಮೂಗಿನಿಂದ ಮಾತು ಗೊಗ್ಗರವಾಗಿ ಬಂತು.

"ಒಂದ್ ಮಾತು ಕೇಳ್ತೀನಿ, ನಿಜ ಯೋಳು ಬೋರಣ್ಣ. ದಿಣ್ಣೆ ಮ್ಯಾಲೆ ಮತ್ತೆ ಮನೆ ಕಟ್ತೀನಿ. ಇನ್ನೊಂದ್ ವರ್ಸ ಇಂಗೇ ಮಳೆ ಬತ್ತದೆ. ಆಗ ಏನ್ ಮಾಡ್ತೀರಾ?"

ಬೋರಯ್ಯ ಸುಳ್ಳು ಹೇಳಬಹುದಿತ್ತು. ಆ ಮನುಷ್ಯನಿಗೆ ಅದು ಬರುತ್ತಿರಲಿಲ್ಲ.

"ಕಡೀತೀವಿ ಕಣಪ್ಪ," ಅಂದ. "ಒಂದ್ಮನೆ ಒಂದ್ಕಡೆ, ಊರೇ ಒಂದ್ಕಡೆ. ಮತ್ತೆ ಕಟ್ಕೊಡ್ತೀವಿ."

ಮಜೀದನ ಕೈ ಗಂಟಿಗೆ ಬಿತ್ತು. ಎತ್ತಿ ಬೋರಯ್ಯನ ಎದೆಗೆ ಒಗೆದ. ಮುರಿದ ಕೈಗೆ ತಗುಲಿ ಬೋರಯ್ಯ ಹಲ್ಲು ಕಚ್ಚಿದ. ಎದ್ದು ನುಗ್ಗಿದ ಸಿದ್ದರಾಮುವನ್ನು ನಾಲ್ಕು ಜನ ಹಿಡಿದರು.

"ನಂಗೆ ನಿಮ್ ದುಡ್ ಬ್ಯಾಡ! ಜಾಗ ಕೊಡಿ. ಬೋರಣ್ಣ, ನಿನ್ ಮನೆಗ್ ಅಂಟ್ಕೊಂಡ್ ದನದ್ ಕೊಟ್ಗೆ ಅದೆಯಲ್ಲ, ಅದ್ನ ಕೊಡು. ಕೆಳಗ್ಲು ಬೀದೀಲಿ, ನಿನ್ ಗೋಡೆ ಪಕ್ಕದಲ್ಲಿ."

"ತಲೆ ಕೆಟ್ಟದಾ ಸಾಬ್ರಿಗೆ?" ಕೂಗಿದ ಸಿದ್ದರಾಮು. "ಊರಲ್ಲೆಲ್ಲ ತಗ್ಗು ಅದೇ. ನೀರು ಮೊದ್ಲು ಬರೋದೇ ಅಲ್ಲಿಗೆ!"

"ಬರ್ಲಿ."

ಉತ್ತರ ಬಂದದ್ದು ಬಾಗಿಲ ಹಿಂದೆ ನಿಂತಿದ್ದ ಚಲುವಮ್ಮನಿಂದ. ಗಂಡಸರ ಪಂಚಾಯ್ತಿಯಲ್ಲಿ ಅವಳು ಬಾಯಿ ಹಾಕಿದ್ದು ಅದೇ ಮೊದಲು.

"ಕೊಟ್ಬುಡಿ. ದನ ಎಲ್ಲಾದ್ರೂ ಕಟ್ಕೋಬೋದು. ಅವ್ರ್ ಮಕ್ಳು ಇಟ್ಟು ಉಣ್ಣೋವಾಗೂ ನೀರು ಬಂತಾ ಅಂತ ಕೇಳ್ತಾವೆ, ನಂಗೆ ಕೇಳಕ್ಕಾಗಾಕಿಲ್ಲ."

ಕೊಟ್ಟಿಗೆ ಮಜೀದನದಾಯಿತು. ಅಲ್ಲೇ ಮನೆ, ಅಲ್ಲೇ ಕುಲುಮೆ. ಕೋಳಿ ಕೂಗುವ ಹೊತ್ತಿಗೆ ಚಮ್ಮಟಿಗೆ ಸದ್ದು ಶುರುವಾದರೆ ಬೋರಯ್ಯನ ಮನೆಯ ಪಾತ್ರೆಗಳೆಲ್ಲ ಗಲಗಲ ಅನ್ನುತ್ತಿದ್ದವು. ಸಿದ್ದರಾಮು ಬಾಯಿಗೆ ಬಂದಂತೆ ಬೈದ, ಮಜೀದ್ ಇನ್ನೂ ಜೋರಾಗಿ ಬಡಿದ. ಒಂದು ಸಲ ಇಬ್ಬರೂ ಬೀದಿಯಲ್ಲಿ ಮತ್ತೆ ಕೈ ಕೈ ಮಿಲಾಯಿಸಿದರು. ಬೋರಯ್ಯ ಒಂದು ದಿನವೂ ಬಾಯಿ ಬಿಡಲಿಲ್ಲ. ಅವನ ಕೈ ಸೊಟ್ಟಗೇ ಕೂಡಿಕೊಂಡಿತ್ತು, ಗುದ್ದಲಿ ಹಿಡಿಯಲು ಬರುತ್ತಿರಲಿಲ್ಲ.

ಸುಗ್ಗಿ ಮುಗಿದು ಚೀಟಿ ಎತ್ತುವ ಕಾಲ ಬಂತು. ಬೋರಯ್ಯ ಮನೆ ಮನೆ ತಿರುಗಿ, ಕೊನೆಗೆ ಗೋಡೆ ಬಳಸಿ ಕುಲುಮೆಗೆ ಬಂದು ಜಗಲಿಯ ತುದಿಯಲ್ಲಿ ಕೂತ. ಅಲ್ಲಿಯವರೆಗೆ ಅವರಿಬ್ಬರೂ ಮುಖ ಕೊಟ್ಟು ಮಾತಾಡಿರಲಿಲ್ಲ.

"ಮಜೀದಾ, ಕೇಳೋದು ನನ್ ಧರ್ಮ. ಈಗ ನೀನಿರೋದು ನಿಜವಾದ್ ನೀರಿನ್ ಜಾಗ. ಚೀಟಿ ಬೇಕಾಗಿರೋದೇ ಈಗ."

"ಬ್ಯಾಡ."

"ಲೇ, ಬತ್ತದೆ ಕಣ್ಲಾ ನೀರು. ನಿನ್ ಗೋಡೆ, ನನ್ ಗೋಡೆ ಒಂದೇ. ಬಂದ್ರೆ ಇಬ್ರೂ ಒಟ್ಗೇ ಮುಳ್ಗೋದು."

ಮಜೀದ್ ಕಾದ ಕಬ್ಬಿಣವನ್ನು ಅಡೆಗಲ್ಲಿನ ಮೇಲಿಟ್ಟ.

"ಚೀಟಿ ಆಕ್ದಾಗ ನಾನ್ ಕೇಳಿದ್ದೂ ಅಷ್ಟೇ ಕಣಣ್ಣ, ಒಟ್ಗೇ ಮುಳ್ಗೋದು," ಅಂದ.